ಮೇಲಿನ ಹಾಳೆ

ಶಾಸನ ಸಭೆಯ ಗ್ರಂಥಾಲಯದ ಕೆಲಸದಿಂದ ನಿವೃತ್ತಳಾಗಿ ಕೋಲಾರಕ್ಕೆ ಬಂದು ನೆಲೆಸಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಶಾಸಕರೊಬ್ಬರು ಸದನದಲ್ಲಿ ಒಂದು ವಿಷಯದ ಮೇಲೆ ಮಾತನಾಡಬೇಕೆಂದು ಗ್ರಂಥಾಲಯಕ್ಕೆ ಬಂದು ಮಾಹಿತಿ ಕೇಳುತ್ತಾರೆ. ನಾವು ಹುಡುಕಿ, ಜೆರಾಕ್ಸ್ ಮಾಡಿಸಿ, ಟ್ಯಾಗ್ ಹಾಕಿ, ಕಟ್ಟು ಮಾಡಿ ಕೊಡುತ್ತೇವೆ. ಆ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಯಾವ ಹಾಳೆ ಇರಬೇಕು? ಹೊರಗಿನವರಿಗೆ ಇದು ಪ್ರಶ್ನೆಯೇ ಅಲ್ಲ. ಬೇಕಾದದ್ದೆಲ್ಲ ಒಳಗೆ ಇದೆಯಲ್ಲ, ಯಾವುದು ಮೊದಲಿದ್ದರೇನು, ಓದುವವರು ಓದಿಕೊಳ್ಳುತ್ತಾರೆ ಎಂದು ಅನೇಕರು ನನಗೆ ಹೇಳಿದ್ದಾರೆ. ಅಧಿವೇಶನದ ದಿನಗಳಲ್ಲಿ, ಕೇಳಿದ ಮಾಹಿತಿ ಹುಡುಕಿಕೊಡುವ ಪರಾಮರ್ಶನ ವಿಭಾಗದ ಮೇಜಿನ ಹಿಂದೆ ಕುಳಿತವರು ಹಾಗೆ ಹೇಳಲಾರರು. ಬೆಳಗಾಗುತ್ತಲೇ ಕ್ಷೇತ್ರದ ಜನ ಶಾಸಕರ ಭವನದ ಕೋಣೆಯ ಮುಂದೆ ನೆರೆದಿರುತ್ತಾರೆ. ಒಬ್ಬರಿಗೆ ವರ್ಗಾವಣೆ, ಇನ್ನೊಬ್ಬರಿಗೆ ಆಸ್ಪತ್ರೆಯ ಹಾಸಿಗೆ, ಮತ್ತೊಬ್ಬರಿಗೆ ಹಾಸ್ಟೆಲ್ ಸೀಟು. ಅವರನ್ನೆಲ್ಲ ಮಾತನಾಡಿಸಿ, ವಿಧಾನಸೌಧದ ಮೆಟ್ಟಿಲು ಹತ್ತಿ, ಮೊಗಸಾಲೆ ದಾಟಿ ಆಸನಕ್ಕೆ ಹೋಗುವಷ್ಟರಲ್ಲಿ ಕಣ್ಣಿಗೆ ಬೀಳುವುದು ಮೇಲಿನ ಒಂದೆರಡು ಹಾಳೆ ಮಾತ್ರ. ಅವರ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಮಂತ್ರಿಗಳ ಉತ್ತರ ಆ ಮಾತಿಗೆ ಬರುತ್ತದೆ. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದೂ ಅದೇ. ನಡುವಿನ ಹಾಳೆಗಳು ಕಟ್ಟಿನೊಳಗೆ ಹಾಗೆಯೇ ಉಳಿಯುತ್ತವೆ.

ನಮ್ಮ ಕೆಲಸದ ಗಡಿಗಳು ಬಹಳ ಸ್ಪಷ್ಟ. ಅಭಿಪ್ರಾಯ ಹೇಳುವಂತಿಲ್ಲ. ಭಾಷಣ ಬರೆದುಕೊಡುವಂತಿಲ್ಲ. ಯಾರು ಏನು ಕೇಳಿದರು ಎಂಬುದನ್ನು ಇನ್ನೊಬ್ಬರ ಮುಂದೆ ಬಾಯಿ ಬಿಡುವಂತಿಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ, ಮೊದಲ ಸಲ ಗೆದ್ದವರು, ಹಿರಿಯರು, ಎಲ್ಲರಿಗೂ ಒಂದೇ ಸೇವೆ. ಇಷ್ಟೆಲ್ಲ ಬಿಟ್ಟ ಮೇಲೆ ಗ್ರಂಥಪಾಲಕರ ಕೈಯಲ್ಲಿ ಉಳಿಯುವುದು ಎರಡೇ: ಏನನ್ನು ಸೇರಿಸಬೇಕು, ಯಾವ ಕ್ರಮದಲ್ಲಿ ಇಡಬೇಕು. ಗ್ರಂಥಾಲಯ ವಿಜ್ಞಾನ ಓದಿದ ಪ್ರತಿಯೊಬ್ಬರೂ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಬಾಯಿಪಾಠ ಮಾಡಿರುತ್ತಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಆ ಮಹನೀಯರ ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಅದನ್ನು ಪಾಲಿಸುವುದು ಸಂತೋಷದ ಕೆಲಸ. ಶಾಸನ ಸಭೆಯ ಗ್ರಂಥಾಲಯದಲ್ಲಿ ಅದೇ ಸೂತ್ರ ಒಂದು ಭಾರ ಹೊರಿಸುತ್ತದೆ. ಒಬ್ಬ ಶಾಸಕರ ಸಮಯ ಉಳಿಸಲು ನಾನು ಒಂದು ಹಾಳೆಯನ್ನು ಮೇಲಿಟ್ಟರೆ, ಅವರ ಕ್ಷೇತ್ರದ ಲಕ್ಷಾಂತರ ಜನರ ಪರವಾಗಿ ಆಡುವ ಮಾತಿನ ಮೊದಲ ವಾಕ್ಯವನ್ನು ನಾನೇ ಆರಿಸಿದಂತಾಗುತ್ತದೆ. ಆ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ. ಬೇಡವೆಂದು ಬಿಟ್ಟುಬಿಡೋಣ ಎಂದರೆ ಅದೂ ಆಗುವುದಿಲ್ಲ, ಯಾವುದಾದರೂ ಒಂದು ಹಾಳೆ ಮೇಲಿರಲೇಬೇಕು.

ಕೇಳುವುದು ಒಂದು, ಬೇಕಾದದ್ದು ಇನ್ನೊಂದು

ಬೇಡಿಕೆಗಳು ಬರುವ ರೀತಿಯೇ ಈ ಕಷ್ಟವನ್ನು ಹೆಚ್ಚಿಸುತ್ತದೆ. ಆಪ್ತ ಸಹಾಯಕರ ಕೈಯಲ್ಲಿ ಒಂದು ಚೀಟಿ ಬರುತ್ತದೆ: ಕೆರೆಗಳ ಬಗ್ಗೆ ಏನಿದೆಯೋ ಎಲ್ಲ ಕೊಡಿ. ಇಂಥ ಚೀಟಿ ಹಿಡಿದು ಕಪಾಟಿನ ಕಡೆಗೆ ಓಡಿದರೆ ಅನರ್ಥ. ಮೊದಲು ತಿರುಗಿ ಕೇಳಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಿದ ಮೇಲೆ ಕೇಳುವ ಉಪಪ್ರಶ್ನೆಗಾಗಿಯೋ, ಆಯವ್ಯಯದ ಮೇಲಿನ ಚರ್ಚೆಗೋ, ಬೇರೆ ಕಲಾಪ ಬದಿಗಿಟ್ಟು ತುರ್ತು ವಿಷಯ ಎತ್ತುವ ನಿಲುವಳಿ ಸೂಚನೆಗೋ, ಸಾರ್ವಜನಿಕ ಮಹತ್ವದ ವಿಷಯಕ್ಕೆಂದಿರುವ ನಿಯಮ 69ರ ಅಡಿಯ ಚರ್ಚೆಗೋ? ಉಪಪ್ರಶ್ನೆ ಕೇಳುವವರಿಗೆ ಬೇಕಾದದ್ದು ಒಂದೇ ಒಂದು ಅಂಕಿ ಮತ್ತು ಆ ಅಂಕಿಯನ್ನು ಸರ್ಕಾರ ಹಿಂದೆ ಯಾವ ದಿನ ಒಪ್ಪಿಕೊಂಡಿತ್ತು ಎಂಬ ಪುಟ ಸಂಖ್ಯೆ. ಆಯವ್ಯಯದ ಮೇಲೆ ಮಾತನಾಡುವವರಿಗೆ ಹಲವು ವರ್ಷಗಳ ಅನುದಾನ ಮತ್ತು ಖರ್ಚು ಸಾಲಾಗಿ ಬೇಕು, ಜೊತೆಗೆ ಮಹಾಲೆಕ್ಕಪರಿಶೋಧಕರ ವರದಿಯ ಸಂಬಂಧಪಟ್ಟ ಕಂಡಿಕೆ. ನಿಲುವಳಿ ಸೂಚನೆಯವರಿಗೆ ವಿಷಯ ಇವತ್ತಿನ ತುರ್ತು ಎಂದು ತೋರಿಸುವ ಆಧಾರ ಮುಖ್ಯ. ಎರಡು ನಿಮಿಷದ ಈ ಮಾತುಕತೆಯಲ್ಲಿ ಮುಖಭಾವ ನೋಡಿ, ಆತುರ ನೋಡಿ, ಅವರು ನಿಜವಾಗಿ ಯಾವ ಮಾತಿಗೆ ಸಿದ್ಧವಾಗುತ್ತಿದ್ದಾರೆಂದು ಅರಿತುಕೊಳ್ಳುವುದೇ ಈ ವೃತ್ತಿಯ ಅರ್ಧ ವಿದ್ಯೆ. ಉಳಿದರ್ಧ ವಿದ್ಯೆ ಸೂಚಿಗಳಲ್ಲಿದೆ. ಚರ್ಚೆಗಳ ಸಂಪುಟದ ಸೂಚಿಯಲ್ಲಿ ಕೆರೆ ಎಂದು ಹುಡುಕಿದರೆ ಸಿಗದ ವಿಷಯ ಸಣ್ಣ ನೀರಾವರಿ ಎಂಬಲ್ಲಿ ಸಿಗುತ್ತದೆ, ಅಲ್ಲೂ ಇಲ್ಲದಿದ್ದರೆ ಬರಗಾಲದ ಕಾಮಗಾರಿಗಳ ಕೆಳಗೆ ಇರುತ್ತದೆ, ಕೆಲವೊಮ್ಮೆ ಕಂದಾಯ ಇಲಾಖೆಯ ಒತ್ತುವರಿ ಚರ್ಚೆಯೊಳಗೆ ಅಡಗಿ ಕುಳಿತಿರುತ್ತದೆ.

ಪುಸ್ತಕ ಯಾವ ಪುಟದಲ್ಲಿ ಸವೆದಿದೆ ಎಂದು ನೋಡಿದರೂ ಓದಿನ ರೀತಿ ತಿಳಿಯುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ನಮ್ಮಲ್ಲಿ ಬಹಳ ಓಡಾಡಿದ ಗ್ರಂಥ. 114 ತಾಲ್ಲೂಕುಗಳನ್ನು ಹಿಂದುಳಿದವು ಎಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದೂ ಗುರುತಿಸಿದ ಪಟ್ಟಿ ಇರುವ ಪುಟಗಳು ಬೆರಳಿನ ಎಣ್ಣೆ ಹತ್ತಿ ಕಂದಿ ಹೋಗಿದ್ದವು. ನಮ್ಮ ಬಾಗೇಪಲ್ಲಿ, ಪಕ್ಕದ ಪಾವಗಡ, ಶಿರಾ, ಮಧುಗಿರಿಗಳೆಲ್ಲ ಆ 39ರೊಳಗೆ ಬರುತ್ತವೆ. ಆ ಪಟ್ಟಿ ಹೇಗೆ ಬಂತು, ಯಾವ 35 ಸೂಚಕಗಳನ್ನು ಇಟ್ಟುಕೊಂಡು ತಾಲ್ಲೂಕುಗಳನ್ನು ಅಳೆದರು ಎಂದು ವಿವರಿಸುವ ಪುಟಗಳು ಮಾತ್ರ ಹೊಸದಾಗಿಯೇ ಉಳಿದಿದ್ದವು. ನನ್ನ ತಾಲ್ಲೂಕು ಹಿಂದುಳಿದಿದೆ ಎಂದು ಹೇಳಲು ಪಟ್ಟಿ ಸಾಕು. ಯಾವುದರಲ್ಲಿ ಹಿಂದುಳಿದಿದೆ, ಏನು ಮಾಡಿದರೆ ಮೇಲೆ ಬರುತ್ತದೆ ಎಂದು ಹೇಳಲು ಸೂಚಕಗಳ ಪುಟ ಬೇಕು. ಪಟ್ಟಿ ಕೇಳಿದವರಿಗೆಲ್ಲ ನಾನು ಸೂಚಕಗಳ ಪುಟವನ್ನೂ ಸೇರಿಸಿ ಕೊಡುತ್ತಿದ್ದೆ.

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಕೋಲಾರದಂಥ ಬಯಲು ಸೀಮೆಯ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯ ವಿಷಯದಲ್ಲಂತೂ ಕ್ರಮದ ಪ್ರಶ್ನೆ ಇನ್ನೂ ಚೂಪಾಗಿ ಎದುರಾಗುತ್ತಿತ್ತು. ಸರ್ಕಾರದ ಯೋಜನಾ ವರದಿಯ ಲೆಕ್ಕದಲ್ಲಿ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ ಸಿಗುವ ನೀರು 24.01 ಟಿಎಂಸಿ. ಅದರಲ್ಲಿ ಸುಮಾರು 14 ಟಿಎಂಸಿ ಏಳು ಜಿಲ್ಲೆಗಳ ಕುಡಿಯುವ ನೀರಿಗೆ, ಉಳಿದದ್ದು ಕೆರೆ ತುಂಬಿಸಲು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನವೊಂದು ಆ ಜಲಾನಯನದ ಒಟ್ಟು ಇಳುವರಿಯೇ 9.55 ಟಿಎಂಸಿ ಎಂದಿತು. ಖರ್ಚಿನ ಅಂದಾಜು 2014ರಲ್ಲಿ 12,912 ಕೋಟಿ ರೂಪಾಯಿ ಇದ್ದದ್ದು 2023ರ ಹೊತ್ತಿಗೆ 23,251 ಕೋಟಿಗೆ ಏರಿತು. 24.01 ಇರುವ ಹಾಳೆ ಮೇಲಿದ್ದರೆ ಕೋಲಾರ ಮತ್ತು ಚಿಕ್ಕಬಳ್ಳಾಪುರದವರ ನಿರೀಕ್ಷೆ ಸದನದಲ್ಲಿ ಮಾತಾಗುತ್ತದೆ. 9.55 ಇರುವ ಹಾಳೆ ಮೇಲಿದ್ದರೆ ಸಕಲೇಶಪುರದ ಕಾಡಿನ, ನೇತ್ರಾವತಿ ತೀರದವರ ಆತಂಕ ಮಾತಾಗುತ್ತದೆ. ಎರಡೂ ಅಚ್ಚಾದ ದಾಖಲೆ, ಎರಡಕ್ಕೂ ಮಾಡಿದವರ ಹೆಸರಿದೆ, ವಿಧಾನವಿದೆ. ಯಾವುದು ಸರಿ ಎಂದು ತೀರ್ಮಾನಿಸಲು ನಾನು ಜಲವಿಜ್ಞಾನಿಯಲ್ಲ. ಆದರೂ ಒಂದನ್ನು ಇನ್ನೊಂದರ ಮೇಲೆ ಇಡಬೇಕಾದವಳು ನಾನೇ.

ಎರಡು ಕಟ್ಟು, ಒಂದೇ ಕೆರೆ

ನಾನು ನರಸಾಪುರದ ಆಚೆಗಿನ ಒಂದು ಹಳ್ಳಿಯವಳು. ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳುವುದೇನೂ ಇಲ್ಲ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ 126 ಕೆರೆಗಳಿಗೆ ತುಂಬಿಸುವುದೆಂದು ಹೊರಟ ಆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು, ಹೈಕೋರ್ಟಿನ ತಡೆಯಾಜ್ಞೆ ಬಂತು, ಮುಂದೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಗಲಾಟೆಯ ಕಾಲದ ಒಂದು ಅಧಿವೇಶನದಲ್ಲಿ ಒಂದೇ ದಿನ ಇಬ್ಬರು ಶಾಸಕರು ಆ ವಿಷಯಕ್ಕಾಗಿಯೇ ಬಂದರು. ಬೆಳಿಗ್ಗೆ ಬಂದ ಹಿರಿಯರು ಕುರ್ಚಿ ಎಳೆದುಕೊಂಡು ಕುಳಿತು, “ನೋಡಮ್ಮ, ಆ ನೀರು ಬಂದ ಮೇಲೆ ಸುತ್ತಲ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಅದಕ್ಕೆ ಆಧಾರ ಬೇಕು, ಅಷ್ಟೇ ಸಾಕು” ಎಂದರು. ಊಟದ ಬಿಡುವಿನಲ್ಲಿ ಬಂದ ಕಿರಿಯರು ನಿಂತೇ ಮಾತನಾಡಿದರು. “ಮೇಡಂ, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಆ ನೀರನ್ನು ಬಿಟ್ಟಿದ್ದಾರೆ. ಮುಂದೆ ಮಣ್ಣಿಗೆ, ಅಂತರ್ಜಲಕ್ಕೆ ಏನಾಗುತ್ತದೆ ಎನ್ನುವುದು ಮಾತ್ರ ಕೊಡಿ. ಬೇರೆ ಬೇಡ.” ಬೆಳಿಗ್ಗೆ ಇನ್ನೊಬ್ಬರು ಬಂದಿದ್ದರೆಂದು ಅವರಿಗೆ ನಾನು ಹೇಳಲಿಲ್ಲ. ಇವರು ಬಂದದ್ದು ಅವರಿಗೂ ನನ್ನಿಂದ ತಿಳಿಯಲಿಲ್ಲ.

ಇಬ್ಬರೂ ಅರ್ಧರ್ಧ ಕೇಳಿದ್ದರು. ಆ ಎರಡು ಅರ್ಧಗಳೂ ನನ್ನ ಮನೆಯೊಳಗೇ ಇದ್ದವು. ದೊಡ್ಡಪ್ಪನ ತೋಟದ ಕೊಳವೆಬಾವಿ ಬತ್ತಿ, ಟೊಮೆಟೊ ಹಾಕುವುದನ್ನೇ ಬಿಟ್ಟಿದ್ದ ಜಮೀನು ಅದು. ಪಕ್ಕದ ಊರಿನ ಕೆರೆ ತುಂಬಿದ ಮೇಲೆ ಮೋಟಾರು ಮತ್ತೆ ನೀರೆತ್ತಿದ ದಿನ ಅವರು ನನಗೆ ಫೋನ್ ಮಾಡಿ ಮಾತೇ ಹೊರಡದೆ ಸುಮ್ಮನಿದ್ದರು. ಅದೇ ಮನೆಯಲ್ಲಿ ದೊಡ್ಡಮ್ಮ ಹಸುಗಳನ್ನು ಆ ಕೆರೆಯ ಕಡೆಗೆ ಬಿಡುತ್ತಿರಲಿಲ್ಲ. ಹಾಲು ಡೇರಿಗೆ ಹೋಗುತ್ತದೆ, ಎಷ್ಟೋ ಮನೆಯ ಮಕ್ಕಳು ಕುಡಿಯುತ್ತವೆ, ನನಗೆ ಆ ನೀರಿನ ಮೇಲೆ ನಂಬಿಕೆ ಇಲ್ಲ ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ವಿಷಯ ಯಾವುದೋ ದೂರದ ಜಿಲ್ಲೆಯದಾಗಿದ್ದರೆ ಕಟ್ಟು ಕಟ್ಟುವುದು ನನಗೆ ಸುಲಭವಾಗುತ್ತಿತ್ತೇನೋ. ಇಲ್ಲಿ ನನ್ನ ಬೆರಳು ತಾನಾಗಿಯೇ ಒಂದು ಹಾಳೆಯ ಕಡೆಗೆ ಹೋಗುತ್ತಿತ್ತು. ದೊಡ್ಡಪ್ಪನ ಫೋನ್ ನೆನಪಾದಾಗ ಅಂತರ್ಜಲದ ಕೋಷ್ಟಕ ಮೇಲೆ ಬರುತ್ತಿತ್ತು, ದೊಡ್ಡಮ್ಮನ ಮುಖ ನೆನಪಾದಾಗ ನೀರಿನ ಗುಣಮಟ್ಟದ ವರದಿ ಮೇಲೇರುತ್ತಿತ್ತು.

ಕೊನೆಗೆ ಎರಡು ಕಟ್ಟುಗಳನ್ನೂ ಒಂದೇ ರೀತಿ ಕಟ್ಟಿದೆ. ಮೇಲೆ ಯಾವ ವರದಿಯನ್ನೂ ಇಡಲಿಲ್ಲ. ಒಳಗೆ ಏನಿದೆ ಎಂಬ ಪಟ್ಟಿಯನ್ನು ಟೈಪ್ ಮಾಡಿ ಇಟ್ಟೆ. ದಿನಾಂಕದ ಕ್ರಮದಲ್ಲಿ ಒಂದೊಂದು ದಾಖಲೆಗೆ ಒಂದೊಂದು ಸಾಲು: ಯಾರು ಹೇಳಿದ್ದು, ಯಾವಾಗ, ಯಾವ ಪುಟ. ಅಡಿಗೆರೆ ಇಲ್ಲ, ಬಣ್ಣದ ಗುರುತು ಇಲ್ಲ, ವಿಶೇಷಣ ಇಲ್ಲ. ದಿನಾಂಕದ ಕ್ರಮ ಪೂರ್ತಿ ನಿಷ್ಪಕ್ಷಪಾತ ಎಂದು ನಾನು ಹೇಳುವುದಿಲ್ಲ. ಹಳೆಯದು ಮೊದಲು ಬಂದರೆ ಸಮಸ್ಯೆಯ ಬೇರು ಕಾಣುತ್ತದೆ, ಹೊಸದು ಮೊದಲು ಬಂದರೆ ಈಗಿನ ಸರ್ಕಾರ ಏನು ಮಾಡಿತು ಎಂಬುದು ಕಾಣುತ್ತದೆ. ಅವೆರಡರಲ್ಲಿ ಒಂದನ್ನು ಆರಿಸಿದ್ದೂ ನನ್ನ ನಿರ್ಧಾರವೇ. ಆದರೆ ಆ ನಿರ್ಧಾರವನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ಯಾಕೆ ಇದು ಮೇಲಿದೆ ಎಂದು ಕೇಳಿದರೆ ಉತ್ತರ ಅದರ ದಿನಾಂಕದಲ್ಲೇ ಇದೆ, ನನ್ನ ಮನಸ್ಸಿನೊಳಗೆ ಇಣುಕಬೇಕಾಗಿಲ್ಲ. ಕಟ್ಟು ಕೊಡುವಾಗ ಇಬ್ಬರಿಗೂ ಒಂದೇ ಮಾತು ಹೇಳಿದೆ: “ಸರ್, ನೀವು ಕೇಳದೇ ಇದ್ದದ್ದೂ ಇದರಲ್ಲಿದೆ. ಎದುರಿನವರು ಹಿಡಿದುಕೊಂಡು ಮಾತನಾಡುವುದು ಅದನ್ನೇ. ದಯವಿಟ್ಟು ಒಮ್ಮೆ ನೋಡಿಕೊಳ್ಳಿ.” ಹಿರಿಯರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಗುಣಮಟ್ಟದ ವರದಿಯ ಪುಟ ತೆರೆದರು. ಕಿರಿಯರು ತೆರೆಯಲಿಲ್ಲ, ಕಟ್ಟನ್ನು ಬಗಲಲ್ಲಿಟ್ಟುಕೊಂಡು ಹೊರಟರು.

ನೀರುಗಂಟಿಯ ಮೊಮ್ಮಗಳು

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪ ನನ್ನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದರು. ನಮ್ಮ ಊರಿನ ಕೆರೆಗೆ ಇನ್ನೂ ಆ ನೀರು ಬಂದಿರಲಿಲ್ಲ. ಅಂಗಳದಲ್ಲಿ ಜಾಲಿ ಬೆಳೆದಿತ್ತು, ತೂಬಿನ ಕಲ್ಲುಕಂಬಗಳು ಒಣ ನೆಲದಲ್ಲಿ ನಿಂತಿದ್ದವು. ನಡೆಯುತ್ತಾ ಅವರು ಕೇಳಿದರು: “ನೀನು ಅಲ್ಲೇ ಇದ್ದೀಯಲ್ಲಮ್ಮ. ದೊಡ್ಡದೊಡ್ಡವರೆಲ್ಲ ನಿನ್ನ ಹತ್ತಿರ ಬಂದು ಕಾಗದ ಕೇಳುತ್ತಾರೆ ಎನ್ನುತ್ತೀಯ. ನಮ್ಮ ಊರಿನ ಕೆರೆಯನ್ನೂ ಸೇರಿಸಿ ಎಂದು ಒಂದು ಮಾತು ಹೇಳುವುದಕ್ಕೆ ಏನು ಕಷ್ಟ?” ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ಅರ್ಥವಾಗದ ಬೇಸರ ಇತ್ತು. ಹಾಗೆ ಹೇಳಿದರೆ ನಾಳೆ ಇನ್ನೊಂದು ಊರಿನವರು ನನ್ನ ಜಾಗದಲ್ಲಿ ಕುಳಿತು ಅವರ ಕೆರೆಯ ಹೆಸರು ಹೇಳುತ್ತಾರೆ, ಆಮೇಲೆ ಆ ಮೇಜಿನಿಂದ ಬರುವ ಕಾಗದವನ್ನು ಯಾರೂ ನಂಬುವುದಿಲ್ಲ ಎಂದು ವಿವರಿಸಲು ಹೊರಟೆ. ಅವರು ಪೂರ್ತಿ ಕೇಳಿಸಿಕೊಂಡು, ತೂಬಿನ ಕಡೆ ಕೈ ತೋರಿಸಿ, “ನಿಮ್ಮ ತಾತನ ಕೆಲಸ ಅನ್ನು” ಎಂದರು.

ನಮ್ಮ ತಾತ ಆ ಕೆರೆಯ ನೀರುಗಂಟಿಯಾಗಿದ್ದವರು. ತೂಬು ತೆಗೆಯುವುದು, ಕಾಲುವೆಯಲ್ಲಿ ನೀರು ಬಿಡುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಅಚ್ಚುಕಟ್ಟಿನಲ್ಲಿ ನಮ್ಮದೂ ಒಂದು ತುಂಡು ಗದ್ದೆ ಇತ್ತು, ಅದರ ಸರದಿ ಬಂದಾಗಲೇ ಅದಕ್ಕೂ ನೀರು. ದೊಡ್ಡಪ್ಪ ಅಂದು ಹೇಳಿದ ಒಂದು ವಿಷಯ ನನಗೆ ಮೊದಲು ತಿಳಿದಿರಲಿಲ್ಲ. ಕೆರೆ ಕೋಡಿ ಹರಿದ ವರ್ಷ ತಾತ ತೂಬಿನ ಹತ್ತಿರದ ಗದ್ದೆಯಿಂದ ನೀರು ಬಿಡಲು ಆರಂಭಿಸುತ್ತಿದ್ದರಂತೆ. ನೀರು ಕಡಿಮೆಯಾದ ವರ್ಷ ಕಾಲುವೆಯ ಕೊನೆಯ ಗದ್ದೆಯಿಂದ ಆರಂಭಿಸುತ್ತಿದ್ದರಂತೆ. ಮೇಲಿನವರಿಗೆ ಹೇಗಾದರೂ ಒಂದಿಷ್ಟು ತೇವ ಸಿಕ್ಕೇ ಸಿಗುತ್ತದೆ, ಕೊನೆಯವರಿಗೆ ತಲುಪಿಸದಿದ್ದರೆ ತಲುಪುವುದೇ ಇಲ್ಲ ಎನ್ನುವುದು ಅವರ ಲೆಕ್ಕ.

ಬೆಂಗಳೂರಿಗೆ ಹಿಂತಿರುಗುವ ಬಸ್ಸಿನಲ್ಲಿ ಹೊಸಕೋಟೆಯವರೆಗೂ ಅದನ್ನೇ ಯೋಚಿಸುತ್ತಿದ್ದೆ. ಶಾಸಕರ ಓದುವ ಸಮಯವೂ ನೀರು ಕಡಿಮೆಯಾದ ಕೆರೆಯೇ. ಹಾಗಾದರೆ ನಾನು ಕಟ್ಟನ್ನು ಕೊನೆಯಿಂದ ಕಟ್ಟಬೇಕಲ್ಲವೇ? ಹೊಗಳಲು ಬಂದವರ ಕಟ್ಟಿನಲ್ಲಿ ಗುಣಮಟ್ಟದ ವರದಿ ಮೇಲೆ, ಟೀಕಿಸಲು ಬಂದವರ ಕಟ್ಟಿನಲ್ಲಿ ಅಂತರ್ಜಲದ ಕೋಷ್ಟಕ ಮೇಲೆ? ಅವರು ತಾವಾಗಿ ಎಂದೂ ತಲುಪದ ಹಾಳೆಯನ್ನು ಮೊದಲು ತಲುಪಿಸಿದಂತಾಗುತ್ತದೆ. ಈ ಯೋಚನೆಯನ್ನು ಸಹೋದ್ಯೋಗಿಯೊಬ್ಬರ ಮುಂದೆ ಇಟ್ಟೆ. ಅವರು ಒಪ್ಪಲಿಲ್ಲ. “ಯಾರು ಯಾವ ಕಡೆ ಎಂದು ನೀವೇ ಊಹಿಸಿ ಹಾಳೆ ಜೋಡಿಸಲು ಹೊರಟರೆ ಅಲ್ಲಿಗೆ ನಿಷ್ಪಕ್ಷಪಾತ ಮುಗಿಯಿತು. ನಾಳೆ ಎರಡು ಕಟ್ಟನ್ನೂ ಮೊಗಸಾಲೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಹೇಳುತ್ತೀರಿ?” ಎಂದರು. ಅವರ ಮಾತು ಸರಿ. ನೀರುಗಂಟಿಗೆ ಗದ್ದೆಗಳ ಸ್ಥಾನ ಗೊತ್ತಿತ್ತು, ಅವು ಅಲುಗಾಡುವುದಿಲ್ಲ. ನನ್ನ ಮುಂದೆ ನಿಂತವರ ಮನಸ್ಸು ಎಲ್ಲಿ ನಿಂತಿದೆ ಎಂದು ನನಗೆ ಗೊತ್ತಿಲ್ಲ. ಮನಸ್ಸು ಬದಲಾಯಿಸಲೆಂದೇ ಓದಲು ಬಂದವರೂ ಇರಬಹುದು. ಹಾಗಾಗಿ ಕಟ್ಟು ಎಲ್ಲರಿಗೂ ಒಂದೇ ಕ್ರಮದಲ್ಲಿ ಉಳಿಯಿತು. ತಾತನ ಲೆಕ್ಕವನ್ನು ನಾನು ಇನ್ನೊಂದು ಕಡೆ ಉಪಯೋಗಿಸಿದೆ, ಕಟ್ಟಿಗೆ ಏನನ್ನು ಸೇರಿಸಬೇಕು ಎನ್ನುವಲ್ಲಿ.

ಯಾರೂ ಕೇಳದ ದಾಖಲೆ

ಪರ ಇರುವವರೂ ವಿರುದ್ಧ ಇರುವವರೂ ಕೇಳದ ದಾಖಲೆಗಳಿರುತ್ತವೆ. ಅವು ಯಾರ ವಾದಕ್ಕೂ ನೇರವಾಗಿ ಒದಗುವುದಿಲ್ಲ. ಕೋಲಾರದ ನೀರಿನ ವಿಷಯದಲ್ಲಿ ಅಂಥದ್ದು 1892ರ ಒಪ್ಪಂದ. ಮೈಸೂರು ಸಂಸ್ಥಾನ ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಈ ಒಪ್ಪಂದ ಎಂದರೆ ಎಲ್ಲರಿಗೂ ಕಾವೇರಿ ಮಾತ್ರ ನೆನಪಾಗುತ್ತದೆ. ಅದರ ಪಟ್ಟಿಯಲ್ಲಿ ನಮ್ಮ ಪಾಲಾರ್ ನದಿಯೂ ಇದೆ. ಮದರಾಸಿನ ಪೂರ್ವಾನುಮತಿ ಇಲ್ಲದೆ ಆ ನದಿಗಳಿಗೆ ಮೈಸೂರು ಹೊಸ ನೀರಾವರಿ ಕಾಮಗಾರಿ ಕಟ್ಟುವಂತಿರಲಿಲ್ಲ. ಜೀವನದಿ ಇಲ್ಲದ, ಸಾವಿರಾರು ಕೆರೆಗಳನ್ನೇ ನಂಬಿಕೊಂಡು ಬದುಕಿದ ಜಿಲ್ಲೆ ಹೊಸ ನೀರಿಗೆ ಕೈಚಾಚುವುದು ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಆ ಕೆಲವು ಪುಟಗಳು ಸಾಕ್ಷಿ. ಇವತ್ತು ಕೋಲಾರದ ತಾಲ್ಲೂಕುಗಳು ಅಂತರ್ಜಲ ಮೌಲ್ಯಮಾಪನಗಳಲ್ಲಿ ಮತ್ತೆ ಮತ್ತೆ ಅತಿಬಳಕೆಯ ವರ್ಗದಲ್ಲೇ ಕಾಣಿಸಿಕೊಳ್ಳುವುದನ್ನು ರೈತರ ದುರಾಸೆ ಎಂದು ಹೇಳಿ ಮುಗಿಸುವವರ ಕೈಗೆ ಆ ಹಾಳೆ ಸಿಗಬೇಕು ಎಂಬುದು ನನ್ನ ನಂಬಿಕೆ. ನೆಲದ ಮೇಲಿನ ನೀರು ಸಿಗದವರು ನೆಲದೊಳಗೆ ಸಾವಿರ ಅಡಿ ಇಳಿದರು.

ಅದಕ್ಕಿಂತಲೂ ಹಿಂದಿನದು ಪ್ರಜಾಪ್ರ­ತಿನಿಧಿ ಸಭೆಯ ನಡವಳಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಆ ಸಭೆ ಮೊದಲ ಬಾರಿ ಸೇರಿದಾಗ ಅದಕ್ಕೆ 144 ಸದಸ್ಯರಿದ್ದರು. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ದಿವಾನರ ಭಾಷಣ ಕೇಳುವುದು, ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುವುದು, ಅಷ್ಟೇ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಎರಡೂ ಸಭೆಗಳಿಗೆ ಹೆಚ್ಚಿನ ಅಧಿಕಾರ ಸಿಕ್ಕಿತು. ಆ ಹಳೆಯ ಸಂಪುಟಗಳನ್ನು ತೆರೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತಿತ್ತು. ಮತದ ಬಲವಿಲ್ಲದ ಮನುಷ್ಯರು ಗಾಡಿ ಕಟ್ಟಿಕೊಂಡು ಅಷ್ಟು ದೂರ ಹೋಗಿ ತಮ್ಮ ಕೆರೆ, ತಮ್ಮ ರಸ್ತೆ, ತಮ್ಮ ಕಂದಾಯದ ಬಗ್ಗೆ ಹೇಳಿಕೊಂಡರು. ಹೇಳಿದ್ದನ್ನು ಬರೆದಿಟ್ಟರು. ಬರೆದಿಟ್ಟದ್ದು ಉಳಿದಿದೆ. ಪ್ರಶ್ನೋತ್ತರ ಕಲಾಪದಲ್ಲಿ ಎದ್ದುನಿಲ್ಲುವ ಇವತ್ತಿನ ಶಾಸಕರಿಗೆ ತಮ್ಮ ಮಾತು ಎಷ್ಟು ಹಳೆಯ ಸಾಲಿನಲ್ಲಿ ನಿಂತಿದೆ ಎಂದು ಗೊತ್ತಿರಬೇಕು. ಕೆ.ಸಿ. ವ್ಯಾಲಿ ಕಟ್ಟುಗಳೆರಡರಲ್ಲೂ 1892ರ ಒಪ್ಪಂದವನ್ನು ಸೇರಿಸಿದ್ದೆ. ಸದನದಲ್ಲಿ ಇಬ್ಬರೂ ಅದನ್ನು ಎತ್ತಲಿಲ್ಲ. ಅಧಿವೇಶನ ಮುಗಿದ ಮೇಲೆ ಆ ಕಿರಿಯ ಶಾಸಕರ ಆಪ್ತ ಸಹಾಯಕರು ಬಂದು, “ಪಾಲಾರ್ ಬಗ್ಗೆ ಒಂದು ಹಳೆಯ ಕಾಗದ ಇತ್ತಂತಲ್ಲ, ಅದರ ಮುಂದಿನದು ಬೇಕಂತೆ” ಎಂದು ಕೇಳಿದರು. ಕಟ್ಟನ್ನು ಬಗಲಲ್ಲಿಟ್ಟುಕೊಂಡು ಹೋದವರು ಮನೆಗೆ ಹೋದ ಮೇಲೆ ತೆರೆದು ನೋಡಿದ್ದರು.

ಕಟ್ಟು ಊರಿಗೂ ಬರಲಿ

ಶಾಸನ ಸಭೆಗೆಂದೇ ಪರಾಮರ್ಶನ ಸೇವೆ ಎಂಬ ಯೋಚನೆ ಗಟ್ಟಿಯಾದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, 1901ರಲ್ಲಿ, ಚಾರ್ಲ್ಸ್ ಮೆಕಾರ್ಥಿ ಎಂಬುವರ ಕೈಯಲ್ಲಿ. ದೊಡ್ಡ ಕಂಪನಿಗಳಿಗೆ ಮಾಹಿತಿ ಒದಗಿಸಲು ವಕೀಲರ ದಂಡೇ ಇರುತ್ತದೆ, ಹಳ್ಳಿಯಿಂದ ಗೆದ್ದು ಬಂದ ಪ್ರತಿನಿಧಿಗೆ ಯಾರಿದ್ದಾರೆ ಎಂಬುದು ಅದರ ಹಿಂದಿನ ಪ್ರಶ್ನೆ. 1914ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಗ್ರಂಥಾಲಯದಲ್ಲಿ ಅಂಥದೇ ವಿಭಾಗ ಬಂತು. ಇದನ್ನು ಓದಿದಾಗಲೆಲ್ಲ ನನಗೆ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು ಅನ್ನಿಸುತ್ತದೆ. ಪ್ರತಿನಿಧಿಗೆ ಗ್ರಂಥಪಾಲಕರು ಸಿಕ್ಕರು. ಅವರನ್ನು ಆರಿಸಿ ಕಳಿಸಿದವರಿಗೆ? 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ನಮ್ಮ ಎರಡು ಜಿಲ್ಲೆಗಳ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನ ಕಡೆ ಹೊರಟಾಗ ಅವರ ಬಾಯಲ್ಲಿ, ಬಯಲು ಸೀಮೆಗೆ ನೀರು ತರುವ ದಾರಿ ಸೂಚಿಸಿದ ಪರಮಶಿವಯ್ಯ ವರದಿಯ ಹೆಸರಿತ್ತು. ಆ ವರದಿಯ ಪುಟಗಳನ್ನು ಕಣ್ಣಾರೆ ಕಂಡವರು ಆ ಗುಂಪಿನಲ್ಲಿ ಬಹಳ ಮಂದಿ ಇದ್ದಿರಲಾರರು. ಹೆಸರು ಹಿಡಿದು ಹೋರಾಡಬೇಕಾಗಿ ಬಂದದ್ದು ಅವರ ದೋಷವಲ್ಲ. ಪುಟ ಅವರ ಊರಿಗೆ ಬರಲೇ ಇಲ್ಲ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರು ನ್ಯಾಯವಿಧಾಯಕ ಸಭೆಯ ಸದಸ್ಯರೂ ಆಗಿದ್ದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಕಟ್ಟಿದರು. ಸದನದೊಳಗೆ ಕುಳಿತು ಬಂದವರೊಬ್ಬರು ಸದನದ ಹೊರಗಿನ ಪ್ರಜೆಗೂ ಅಭ್ಯಾಸಕ್ಕೆ ಜಾಗ ಬೇಕು ಎಂದು ಆ ಕಾಲಕ್ಕೇ ಕಂಡುಕೊಂಡಿದ್ದರು. ಅವರ ಜಿಲ್ಲೆಯಲ್ಲಿ ನಾವು ಆ ಕೆಲಸದ ಒಂದು ಸಣ್ಣ ಪಾಲನ್ನಾದರೂ ಮಾಡಬೇಕು. ಒಂದು ವಿಷಯ ಸದನದಲ್ಲಿ ಚರ್ಚೆಯಾಗಿ ಮುಗಿದ ಮೇಲೆ, ಅದರ ಕಟ್ಟಿನ ಒಂದು ಪ್ರತಿ, ಕೇಳಿದವರ ಹೆಸರಿಲ್ಲದೆ, ಆ ಚರ್ಚೆ ಯಾವ ಜಿಲ್ಲೆಯದೋ ಆ ಜಿಲ್ಲೆಯ ಕೇಂದ್ರ ಗ್ರಂಥಾಲಯಕ್ಕೆ ಬರಬೇಕು ಎಂಬುದು ನನ್ನ ಬೇಡಿಕೆ. ಇದರಲ್ಲಿ ಗುಟ್ಟು ಏನೂ ಇಲ್ಲ. ಸದನದ ಮುಂದೆ ಮಂಡಿಸಿದ ವರದಿ, ಅಚ್ಚಾದ ಚರ್ಚೆ, ರಾಜ್ಯಪತ್ರ, ಪತ್ರಿಕೆಯ ಸುದ್ದಿ, ಎಲ್ಲವೂ ಬಹಿರಂಗವೇ. ಅಂತರ್ಜಾಲದಲ್ಲೂ ಎಷ್ಟೋ ಸಿಗುತ್ತವೆ. ಆದರೆ ಚದುರಿಹೋದ ಬಹಿರಂಗ ಕಾಗದ ರೈತನ ಪಾಲಿಗೆ ಮುಚ್ಚಿಟ್ಟದ್ದಕ್ಕಿಂತ ಬೇರೆಯಲ್ಲ. ಅದನ್ನು ಒಂದೆಡೆ ಸೇರಿಸಿ ದಿನಾಂಕ ಹಾಕಿ ಇಡುವ ಕೈ ಬೇಕು.

ಆ ಕೆಲಸವನ್ನು ಸರ್ಕಾರಕ್ಕಾಗಿ ಕಾಯದೆ ನಾನು ಮತ್ತು ನನ್ನ ಹಾಗೆಯೇ ನಿವೃತ್ತರಾದ ಒಬ್ಬ ಶಿಕ್ಷಕರು ಸೇರಿ ಆರಂಭಿಸಿದ್ದೇವೆ. ಮೊದಲ ಕಟ್ಟು ಕೆ.ಸಿ. ವ್ಯಾಲಿಯದು. ಪಟ್ಟಿ, ದಿನಾಂಕ, ಪುಟ ಎಲ್ಲ ಸಿದ್ಧವಾಗಿವೆ. ತೊಡಕು ಬಂದಿರುವುದು ಭಾಷೆಯಲ್ಲಿ. ಒಪ್ಪಂದ, ನ್ಯಾಯಾಲಯದ ಆದೇಶಗಳು, ನೀರಿನ ಗುಣಮಟ್ಟದ ಅಧ್ಯಯನಗಳು, ಅಂತರ್ಜಲದ ಕೋಷ್ಟಕಗಳು ಇಂಗ್ಲಿಷಿನಲ್ಲಿವೆ. ಪ್ರತಿಯೊಂದಕ್ಕೂ ಅರ್ಧ ಪುಟದ ಕನ್ನಡ ಟಿಪ್ಪಣಿ ಬೇಕು, ಅದರಲ್ಲಿ ಬರೆದವರ ಒಲವು ಇಣುಕಬಾರದು. ಒಪ್ಪಂದದ ಟಿಪ್ಪಣಿಯನ್ನು ನಾನು ಬರೆದಿದ್ದೇನೆ, ಆದೇಶಗಳದ್ದನ್ನು ನಮ್ಮ ಓಣಿಯ ವಕೀಲರೊಬ್ಬರು ನೋಡಿಕೊಡುತ್ತಿದ್ದಾರೆ. ನೀರಿನ ಪರೀಕ್ಷೆಯ ಅಂಕಿಗಳನ್ನು ವಿವರಿಸುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ. ರಸಾಯನಶಾಸ್ತ್ರವನ್ನೋ ಭೂವಿಜ್ಞಾನವನ್ನೋ ಓದಿ ಕೋಲಾರ, ಬಂಗಾರಪೇಟೆ, ಮಾಲೂರು, ಚಿಂತಾಮಣಿ ಕಡೆ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಜೊತೆಗೂಡಿ. ಯೋಜನೆಯ ಪರ ಇರುವವರೊಬ್ಬರು, ವಿರುದ್ಧ ಇರುವವರೊಬ್ಬರು ಬಂದರೆ ಇನ್ನೂ ಒಳ್ಳೆಯದು. ಒಂದೇ ಟಿಪ್ಪಣಿಗೆ ಇಬ್ಬರೂ ಒಪ್ಪಿದ ಮೇಲೆ ಅದನ್ನು ಕಟ್ಟಿಗೆ ಸೇರಿಸುತ್ತೇವೆ.